ನಾನು ತೆಗೆಯದೆ ಬಿಟ್ಟ ಚಿತ್ರ

ಮೂರ್ಛೆ ರೋಗದವರನ್ನು ನಮ್ಮ ಸ್ಕ್ಯಾನ್ ಸೆಂಟರಿಗೆ ಕರೆತರುವ ಮನೆಯವರಲ್ಲಿ ಆಗಾಗ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುತ್ತಾರೆ: “ಸರ, ಇದರಾಗ ಗಾಳಿ-ಗೀಳಿ ಹೊಕ್ಕಿದ್ದು ಕಾಣ್ತೈತೇನ್ರಿ?” ಮೊದಲೆಲ್ಲ ನನಗೆ ನಗು ಬರುತ್ತಿತ್ತು. “ತಲಿಯೊಳಗ ನೀರು, ಕೊಬ್ಬು, ರಕ್ತ ಅಷ್ಟ ಕಾಣ್ತೈತ್ರಿ. ಗಾಳಿ ನೋಡಾಕ ಬ್ಯಾರೆ ಮಷಿನ್ ಬೇಕು” ಎಂದು ಹೇಳಿ, ಒಳಗೆ ಬಂದು ಅದನ್ನೇ ಜೊತೆಯವರಿಗೆ ಹೇಳಿ ನಗಿಸುತ್ತಿದ್ದೆ. ದೆವ್ವ, ಅಶರೀರವಾಣಿ, ಕನಸಿನಲ್ಲಿ ಬಂದು ಎಚ್ಚರಿಸಿ ಹೋದ ಅಜ್ಜಿ, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇದೆ ಎಂದು ಹೇಳಲಾರೆ. ಆದರೆ ಈಗ ಯಾರಾದರೂ ಆ ಪ್ರಶ್ನೆ ಕೇಳಿದರೆ ನಗುವುದಿಲ್ಲ. ಅದಕ್ಕೆ ಕಾರಣವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಆ ಭರವಸೆಯೂ ಇಲ್ಲ.

ನಾನು ಡಾಕ್ಟರಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ಯಂತ್ರ ನಡೆಸುವ ಟೆಕ್ನಿಷಿಯನ್. ಬೆಳಿಗ್ಗೆ ರಾಯಾಪುರದ ಮನೆಯಿಂದ ಬಂದರೆ ಸಂಜೆಯವರೆಗೆ ಗಾಜಿನ ಈಚೆ ಕೂತು, ಗಾಜಿನ ಆಚೆ ಮಲಗಿದವರ ತಲೆ, ಬೆನ್ನು, ಮೊಣಕಾಲುಗಳ ಚಿತ್ರ ತೆಗೆಯುವುದು ನನ್ನ ಕೆಲಸ. ಏನು ತೆಗೆಯಬೇಕು ಎನ್ನುವುದು ರೋಗಿಯನ್ನು ಕಳಿಸಿದ ಡಾಕ್ಟರ ಚೀಟಿಯಲ್ಲಿರುತ್ತದೆ. ತೆಗೆದದ್ದನ್ನು ನೋಡಿ ವರದಿ ಬರೆಯುವವರು ಇನ್ನೊಬ್ಬ ಡಾಕ್ಟರು. ನಾನು ನಡುವಿನವನು. ನಡುವಿನವನಿಗೆ ಒಂದು ಅನುಕೂಲವಿದೆ. ತಪ್ಪಾದರೆ ಎರಡೂ ಕಡೆಗೆ ಕೈ ತೋರಿಸಬಹುದು.

ಮೂರ್ಛೆಯ ಮೂಲ ಹುಡುಕುವ ಯಂತ್ರಗಳ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ. ಸಿಟಿ ಸ್ಕ್ಯಾನ್ ಎಂದರೆ ಎಕ್ಸ್‌ರೇಯ ದೊಡ್ಡಣ್ಣ. ಐದು ನಿಮಿಷದ ಕೆಲಸ. ತಲೆಯೊಳಗೆ ರಕ್ತ ಸೋರಿದ್ದರೆ, ದೊಡ್ಡ ಗಡ್ಡೆ ಇದ್ದರೆ, ಲಾಡಿಹುಳದ ಮರಿ ಮಿದುಳು ಸೇರಿ ಕಟ್ಟಿದ ಗಂಟು ಒಣಗಿ ಸುಣ್ಣವಾಗಿದ್ದರೆ ತೋರಿಸುತ್ತದೆ. ನವಿರಾದ ಗಾಯ ಅದಕ್ಕೆ ಕಾಣುವುದಿಲ್ಲ. ಎಂಆರ್‌ಐ ಆಯಸ್ಕಾಂತದ ಯಂತ್ರ, ಅದರ ಕಣ್ಣು ಸೂಕ್ಷ್ಮ. ಆದರೆ ಅಲ್ಲಿಯೂ ಹೇಗೆ ತೆಗೆಯುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಸವತಿಕಾಯಿಯನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿದರೆ ಒಳಗಿನ ಸಣ್ಣ ಹುಳುಕು ಎರಡು ಬಿಲ್ಲೆಗಳ ನಡುವೆ ಉಳಿದುಬಿಡಬಹುದು. ದಿನನಿತ್ಯದ ತಲೆ ಸ್ಕ್ಯಾನ್ ಹಾಗೆ ದಪ್ಪ ಹೆಚ್ಚುತ್ತದೆ. ಕಿವಿಯ ಒಳಬದಿಗೆ, ಎರಡೂ ಪಕ್ಕ, ಕಿರುಬೆರಳಿನಷ್ಟು ದೊಡ್ಡದಾದ ನೆನಪಿನ ಜಾಗವೊಂದಿದೆ. ಅನೇಕರ ಮೂರ್ಛೆ ಹುಟ್ಟುವುದು ಅಲ್ಲಿ. ಅದನ್ನು ಸರಿಯಾಗಿ ನೋಡಬೇಕೆಂದರೆ ಅದಕ್ಕೆ ಅಡ್ಡಲಾಗಿ, ತೆಳ್ಳಗೆ ಹೆಚ್ಚಬೇಕು. ನಮ್ಮ ಯಂತ್ರದಲ್ಲಿ ಅದಕ್ಕೆ ಹೆಚ್ಚಿಗೆ ಒಂಬತ್ತು ನಿಮಿಷ ಬೇಕಾಗುತ್ತಿತ್ತು. ಪೆಟ್ ಸ್ಕ್ಯಾನ್ ಎಂಬುದು ಇನ್ನೂ ಒಂದಿದೆ. ಮಿದುಳಿನ ಯಾವ ಭಾಗ ಸಕ್ಕರೆಯನ್ನು ಸರಿಯಾಗಿ ಹೀರಿಕೊಳ್ಳದೆ ಮಂಕಾಗಿದೆ ಎಂದು ತೋರಿಸುತ್ತದೆ. ಅದು ನಮ್ಮಲ್ಲಿ ಇರಲಿಲ್ಲ. ಇವೆಲ್ಲ ನನಗೆ ಆಗಲೇ ಗೊತ್ತಿತ್ತು. ತರಬೇತಿಯಲ್ಲಿ ಕಲಿತದ್ದೇ.

ಆ ಹುಡುಗಿಯನ್ನು ಶಿವಲೀಲಾ ಎಂದು ಕರೆಯುತ್ತೇನೆ. ನಿಜವಾದ ಹೆಸರು ಬೇರೆ. ಆಗ ಇಪ್ಪತ್ತನಾಲ್ಕು ವರ್ಷ. ತಂದೆ ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ. ಮಗಳು ಧಾರವಾಡದಲ್ಲಿ ರೂಮು ಮಾಡಿಕೊಂಡು ಸರಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಳು. ಓದುತ್ತ ಕೂತವಳು ಇದ್ದಕ್ಕಿದ್ದಂತೆ ಸ್ತಬ್ಧಳಾಗಿಬಿಡುತ್ತಿದ್ದಳಂತೆ. ಕಣ್ಣು ತೆರೆದಿರುತ್ತಿತ್ತು. ಏನೋ ಅಗಿಯುವವಳ ಹಾಗೆ ಬಾಯಾಡಿಸುತ್ತಿದ್ದಳು. ಎಡಗೈಯಿಂದ ಓಢಣಿಯ ಅಂಚು ಕಿವುಚುತ್ತಿದ್ದಳು, ಬಲಗೈ ಸೆಟೆದುಕೊಳ್ಳುತ್ತಿತ್ತು. ಒಂದೆರಡು ನಿಮಿಷದ ಮೇಲೆ ಎಚ್ಚರವಾದರೆ ನಡೆದದ್ದು ನೆನಪಿರುತ್ತಿರಲಿಲ್ಲ. ನೆಲಕ್ಕೆ ಬಿದ್ದು ನೊರೆ ಕಾರಿದರೆ ಜನ ಮೂರ್ಛೆ ಎಂದು ಒಪ್ಪುತ್ತಾರೆ. ಹೀಗೆ ಸ್ತಬ್ಧರಾದವರನ್ನು ನಂಬುವುದು ಕಡಿಮೆ. ಅವಳ ಮದುವೆಯ ಮಾತು ಅದೇ ಹೊತ್ತಿಗೆ ನಡೆದಿತ್ತು. ಮದುವೆ ಬೇಡವೆಂದು ಮಾಡುತ್ತಿರುವ ನಾಟಕ ಇದು ಎಂದು ಅವಳ ಅಣ್ಣ ತೀರ್ಮಾನಿಸಿದ್ದ. ಸಿಟಿ ಸ್ಕ್ಯಾನ್ ಆಗಿತ್ತು, ಅದರಲ್ಲಿ ಏನೂ ಇರಲಿಲ್ಲ. ಮನೆಯ ಡಾಕ್ಟರು ಎಂಆರ್‌ಐಗೆ ಬರೆದುಕೊಟ್ಟಿದ್ದರು. ಹಿಂದಿನ ವಾರ ನಾನು ರಜೆಯಲ್ಲಿದ್ದಾಗ ಅವಳನ್ನು ಕರೆತಂದಿದ್ದರು, ಯಂತ್ರದೊಳಗೇ ಮೂರ್ಛೆ ಬಂದು ಅಲುಗಾಡಿ, ಚಿತ್ರ ಕೆಟ್ಟಿತ್ತು. ಈ ಸಲ ಅರಿವಳಿಕೆ ಕೊಟ್ಟು ತೆಗೆಯಬೇಕಿತ್ತು.

ಅದೊಂದು ಮಂಗಳವಾರ, ಮಧ್ಯಾಹ್ನ ಮೂರರ ಹೊತ್ತು. ಹೊರಗೆ ಬೆಂಚುಗಳು ತುಂಬಿದ್ದವು. ಶಿವಲೀಲಾ ತಂದೆಯ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ಹೆಸರು, ವಯಸ್ಸು, ಮೈಯಲ್ಲಿ ಲೋಹ ಏನಾದರೂ ಇದೆಯೇ ಎಂದು ನಾನು ಅವಳನ್ನು ಕೇಳಿದರೆ ಎಲ್ಲಕ್ಕೂ ತಂದೆಯೇ ಉತ್ತರ ಕೊಟ್ಟರು. ಅವಳು ತುಟಿ ಬಿಚ್ಚಲಿಲ್ಲ. ಈ ವಿವರ ಮುಂದೆ ಮುಖ್ಯವಾಗುತ್ತದೆ ಎಂದು ಆಗ ನನಗೇನು ಗೊತ್ತು.

ಚೀಟಿಯಲ್ಲಿ ಬರೆದದ್ದು ಬರೀ ಮಿದುಳಿನ ಎಂಆರ್‌ಐ ಎಂದು. ಯಾವ ಭಾಗ, ಯಾವ ಬದಿ, ಯಾವ ಅನುಮಾನ ಎಂಬ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಅರಿವಳಿಕೆ ಡಾಕ್ಟರು ಸೂಜಿ ಹಾಕಿದರು, ಅವಳು ನಿದ್ದೆಗೆ ಜಾರಿದಳು, ಮೇಜನ್ನು ಒಳಗೆ ತಳ್ಳಿ ಬಾಗಿಲು ಹಾಕಿಕೊಂಡು ನಾವಿಬ್ಬರೂ ಈಚೆ ಬಂದೆವು. ಒಳಗೆ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಡಾಕ್ಟರು ನನ್ನ ಪಕ್ಕದಲ್ಲೇ ಕೂತು ಅವಳ ನಾಡಿ, ಉಸಿರು ತೋರಿಸುವ ಪರದೆ ನೋಡುತ್ತಿದ್ದರು. ಗಾಜಿನ ಈಚೆ, ನಾವು ಕೂರುವ ಮೇಜಿನ ಮೇಲೆ ಒಂದು ಸ್ಪೀಕರ್ ಇರುತ್ತದೆ. ಒಳಗಿನವರು ಮಾತಾಡಿದರೆ ಅದರಲ್ಲಿ ಕೇಳುತ್ತದೆ.

ವಾಡಿಕೆಯ ಚಿತ್ರಗಳು ಒಂದೊಂದಾಗಿ ಮುಗಿದವು. ಕೊನೆಯದಕ್ಕೆ ಮೊದಲು ಯಂತ್ರ ಸುಮ್ಮನಾಯಿತು. ಆಗ ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಹೇಳಿತು: “ಎಡಗಡಿ ನೋಡ್ರಿ. ಕಿವಿ ಒಳಬಾಜೂಕ. ತೆಳ್ಳಗ ತಗೀರಿ.”

ನಾನು ತಲೆ ಎತ್ತಿ ಗಾಜಿನಾಚೆ ನೋಡಿದೆ. ಹೊದಿಕೆಯ ಕೆಳಗೆ ಅವಳ ಪಾದಗಳು ಹೊರಕ್ಕೆ ಚಾಚಿ ಸ್ತಬ್ಧವಾಗಿದ್ದವು. ಮೈಕಿನ ಗುಂಡಿ ಒತ್ತಿ “ಏನವಾ, ಎಚ್ಚರ ಅದಿಯೇನು?” ಎಂದೆ. ಉತ್ತರ ಬರಲಿಲ್ಲ.

“ಯಾರ ಜೋಡಿ ಮಾತಾಡಾಕತ್ತಿಪಾ?” ಎಂದರು ಡಾಕ್ಟರು.

“ಅಕಿ ಏನೋ ಅಂದಂಗಾತ್ರಿ.”

ಅವರು ತಮ್ಮ ಪರದೆ ತೋರಿಸಿದರು. “ಅಕಿ ಗಾಢ ನಿದ್ದ್ಯಾಗ ಅದಾಳ. ಮಾತಾಡೂ ಸ್ಥಿತ್ಯಾಗ ಇಲ್ಲ. ನಿನಗ ಊಟ ಆಗಿಲ್ಲ ಅನಸ್ತೈತಿ.”

ಊಟ ಆಗಿರಲಿಲ್ಲ, ನಿಜ. ನಾನೂ ನಕ್ಕು ಕೊನೆಯ ಚಿತ್ರಕ್ಕೆ ಗುಂಡಿ ಒತ್ತಿದೆ. ನಾಲ್ಕು ನಿಮಿಷ ಯಂತ್ರ ಬಡಿದುಕೊಂಡಿತು. ಅದು ನಿಂತ ಮೇಲೆ ಮತ್ತೆ ಅದೇ ದನಿ. ಈ ಸಲ ಇನ್ನೂ ಹತ್ತಿರ. ಗದರುವ ದನಿಯಲ್ಲ, ಬೇಡುವುದೂ ಅಲ್ಲ. ಒಲೆಯ ಮೇಲೆ ಹಾಲಿದೆ ನೋಡಿಕೋ ಎನ್ನುವಂಥ ಮನೆಯೊಳಗಿನ ದನಿ: “ಅಲ್ಲೇ ಐತ್ರಿ. ಬಿಟ್ಟು ಏಳಬ್ಯಾಡ್ರಿ.”

ಡಾಕ್ಟರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಾನು ತೆಳು ಚಿತ್ರದ ಪಟ್ಟಿ ತೆರೆದೆ. ಪರದೆಯ ಮೇಲೆ ಗೆರೆಗಳನ್ನು ಎಳೆದು, ಆ ಕಿರುಬೆರಳಿನ ಜಾಗಕ್ಕೆ ಅಡ್ಡಲಾಗಿ ಕೂಡಿಸಿದೆ. ಸಮಯ ಒಂಬತ್ತು ನಿಮಿಷ ಎಂದು ತೋರಿಸಿತು.

“ಮುಗೀತಿಲ್ಲ?” ಎಂದರು ಡಾಕ್ಟರು.

“ಇನ್ನೊಂದು ಒಂಬತ್ತು ನಿಮಿಷದ್ದು ತಗೊಂಡ್ರ ಛಲೋ ಇತ್ರಿ.”

“ಮತ್ತ ಔಷಧ ಹಾಕಬೇಕಾಕ್ಕೈತಿ. ಚೀಟ್ಯಾಗ ಬರದಾರೇನು?”

“ಇಲ್ರಿ.”

“ಮತ್ತ್ಯಾಕ?”

ಇದಕ್ಕೆ ನಾನು ಏನು ಹೇಳಬೇಕಿತ್ತು? ಸ್ಪೀಕರಿನಲ್ಲಿ ಯಾರೋ ಹೇಳಿದರು ಎನ್ನಬೇಕಿತ್ತೇ? ಅಷ್ಟರಲ್ಲಿ ಕೌಂಟರಿನಿಂದ ಫೋನು ಬಂತು. ಅಪಘಾತದವರನ್ನು ತಂದಿದ್ದಾರೆ, ಬೇಗ ಖಾಲಿ ಮಾಡಿ ಎಂದರು. ನಾನು ಎಳೆದ ಗೆರೆಗಳನ್ನು ಅಳಿಸಿ, ಬಾಗಿಲು ತೆರೆದೆ. ಚೀಟಿಯಲ್ಲಿ ಇಲ್ಲದಿದ್ದರೂ ರೇಡಿಯಾಲಜಿ ಡಾಕ್ಟರಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಅಪಘಾತದವರಿಗೆ ಮೊದಲು ಸಿಟಿ ಮಾಡುವುದು ಪದ್ಧತಿ, ಅದು ಬೇರೆ ಕೋಣೆ, ಒಂಬತ್ತು ನಿಮಿಷ ಕಾಯಬಹುದಿತ್ತು. ಇದೂ ನನಗೆ ಗೊತ್ತಿತ್ತು.

ಸಂಜೆ ವರದಿ ಬಂತು. ಮಿದುಳು ಸಹಜವಾಗಿದೆ. ಅವಳ ತಂದೆಗೆ ಲಕೋಟೆ ಕೊಟ್ಟವನು ನಾನೇ.

“ಹಂಗಾರ ಏನೂ ಇಲ್ರಿ?” ಎಂದು ಕೇಳಿದರು.

“ಏನೂ ಇಲ್ರಿ. ನಾರ್ಮಲ್ ಐತಿ.”

ಅವರು ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನಮ್ಮ ಹುಡುಗ ಅಂದದ್ದು ಖರೇ ಆತು ಬಿಡ್ರಿ. ಅಕಿ ಬೇಕಂತ ಮಾಡಾಕತ್ತಾಳ ಅಂತಿದ್ದ. ನಾ ನಂಬಿರಲಿಲ್ಲ.”

ವರದಿ ಸಹಜ ಎಂದರೆ ರೋಗ ಇಲ್ಲ ಎಂದಲ್ಲ, ನಾವು ನೋಡಿದ ರೀತಿಯಲ್ಲಿ ಕಾಣಲಿಲ್ಲ ಎಂದಷ್ಟೇ. ಈ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಮುಂದಿನ ರೋಗಿಯ ಹೆಸರು ಕೂಗಿದೆ.

ಕೆಲವು ದಿನ ಆ ದನಿ ಕಾಡಿತು. ಆಮೇಲೆ ನಾನೇ ಸಮಾಧಾನ ಮಾಡಿಕೊಂಡೆ. ಅರಿವಳಿಕೆಯ ಮಂಪರಿನಲ್ಲಿ ಹುಡುಗಿಯೇ ಏನೋ ಬಡಬಡಿಸಿದ್ದಾಳೆ, ಡಾಕ್ಟರು ಗಮನಿಸಿಲ್ಲ, ಅದಕ್ಕೆ ನಾನು ಅರ್ಥ ಕಟ್ಟಿಕೊಂಡಿದ್ದೇನೆ. ಯಂತ್ರವನ್ನು ತಂಪಾಗಿಡುವ ಪಂಪು ಹಗಲೂ ರಾತ್ರಿ ಚಿಲಿಪಿಲಿ ಎನ್ನುತ್ತಿರುತ್ತದೆ, ಹಸಿದ ಹೊಟ್ಟೆಗೆ ಅದು ಮಾತಾಗಿ ಕೇಳಿರಬಹುದು. ಹೀಗೆ ಮರೆತೆ. ಮರೆಯುವುದು ಕಷ್ಟವಾಗಲಿಲ್ಲ.

ಎರಡೂವರೆ ವರ್ಷದ ನಂತರ ಅವಳು ಮತ್ತೆ ಬಂದಳು. ಜೊತೆಗೆ ತಂದೆ ಇರಲಿಲ್ಲ. ಧಾರವಾಡದಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಅವಳ ಮಾವಶಿ, ಅಂದರೆ ತಾಯಿಯ ತಂಗಿ, ಕರೆತಂದಿದ್ದರು. ನಾನು ಹೆಸರಿನಿಂದ ಗುರುತಿಸಿದೆ. ಮುಖದಿಂದ ಗುರುತಿಸುವಂತಿರಲಿಲ್ಲ, ಅಷ್ಟು ಇಳಿದುಹೋಗಿದ್ದಳು. ಅವಳ ಬಲ ಅಂಗೈ ಸುಟ್ಟು ವಾಸಿಯಾದ ಚರ್ಮದಿಂದ ಬಿಗಿದು, ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು.

ಅವಳು ಬಟ್ಟೆ ಬದಲಿಸಲು ಹೋದಾಗ ಮಾವಶಿ ಮೊದಲಿನಿಂದ ಎಲ್ಲ ಹೇಳಿದರು. ವರದಿ ಬಂದ ಮೇಲೆ ಮನೆಯವರು, ಮನೆಯ ಡಾಕ್ಟರು ಕೊಟ್ಟಿದ್ದ ಮೂರ್ಛೆಯ ಗುಳಿಗೆ ನಿಲ್ಲಿಸಿದರು. ಓದು ಬಿಡಿಸಿ ಮನೆಗೆ ಕರೆತಂದರು. ಒಂದು ದಿನ ರೊಟ್ಟಿ ಬೇಯಿಸುತ್ತಿದ್ದಾಗ ಅದು ಬಂತು. ಸೆಟೆದ ಬಲಗೈ ಕಾದ ಹಂಚಿನ ಮೇಲೆ ಊರಿಕೊಂಡಿತು.

“ಬಾಜೂಕ ಇಕಿ ವೈನಿ ನಿಂತಿದ್ಲರಿ,” ಎಂದರು ಮಾವಶಿ. “ಅಣ್ಣನ ಹೇಣ್ತಿ. ಎಷ್ಟೊತ್ತು ನಾಟಕ ಮಾಡ್ತಾಳ ನೋಡೂಣು ಅಂತ ನೋಡಕೋತ ನಿಂತ್ಲಂತ. ಸುಟ್ಟ ವಾಸನಿ ಬಂದ ಮ್ಯಾಲ ಕೈ ಎಳದ್ಲು.” ಆಮೇಲೆ ತಾವೇ ಸೇರಿಸಿದರು, “ಅಕೀದೂ ತಪ್ಪಲ್ಲ ಬಿಡ್ರಿ. ದೊಡ್ಡ ಮಷಿನ್ಯಾಗ ಏನೂ ಇಲ್ಲಂತ ಬರಕೊಟ್ಟಿದ್ರಲ್ಲ.”

ಯಾರು ಬರೆದುಕೊಟ್ಟರು, ಯಾರು ಹೇಳಿ ಕಳಿಸಿದರು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈ ಸಲದ ಚೀಟಿ ನರರೋಗ ತಜ್ಞರದು. ಮೂರ್ಛೆಗೆಂದೇ ಇರುವ ಕ್ರಮದಲ್ಲಿ, ಕಿವಿಯ ಒಳಬದಿಯ ಭಾಗಕ್ಕೆ ಅಡ್ಡಲಾಗಿ ತೆಳು ಚಿತ್ರಗಳು ಬೇಕು ಎಂದು ಬಿಡಿಸಿ ಬರೆದಿದ್ದರು. ಗುಳಿಗೆ ಮತ್ತೆ ಶುರುವಾಗಿದ್ದರಿಂದ ಅರಿವಳಿಕೆ ಬೇಕಿರಲಿಲ್ಲ. ನಾನು ಅವಳನ್ನೇ ಕೇಳಿದೆ, ಹೆಸರೇನು, ವಯಸ್ಸೆಷ್ಟು. ಅವಳು ಹೇಳಿದಳು.

ಅವಳದು ಒಡೆದ, ಒರಟಾದ, ಗಂಟಲಿನಲ್ಲೇ ಉಳಿಯುವ ದನಿ. ಒಂದೊಂದು ಶಬ್ದಕ್ಕೂ ತಡಕಾಡುತ್ತಿದ್ದಳು. ಆ ದಿನ ನಾನು ಕೇಳಿದ್ದು ಸ್ವಚ್ಛವಾದ, ನಡುವಯಸ್ಸಿನ ಹೆಂಗಸಿನ ದನಿ. ಎರಡಕ್ಕೂ ಸಂಬಂಧವೇ ಇರಲಿಲ್ಲ.

“ಮೊದಲಿಂದಲೂ ನಿಮ್ಮ ದನಿ ಹಿಂಗ ಐತೇನ್ರಿ?” ಎಂದು ಕೇಳಿಬಿಟ್ಟೆ.

“ಸಣ್ಣಾಕಿ ಇದ್ದಾಗಿಂದ ಹಿಂಗರಿ. ಯಾಕ?”

“ಸುಮ್ಮನ ಕೇಳಿದೆ.”

ಮಾವಶಿಯ ದನಿಯೂ ಅದಲ್ಲ. ಅವಳ ತಾಯಿ ಬದುಕಿದ್ದಾರೆಯೇ, ಅವರ ದನಿ ಹೇಗಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಿ ಏನು ಮಾಡುವವನಿದ್ದೆ?

ಒಂಬತ್ತು ನಿಮಿಷದ ಚಿತ್ರ ಮುಗಿಯಿತು. ಬಲಗಡೆಯ ನೆನಪಿನ ಜಾಗ ತುಂಬಿಕೊಂಡಿತ್ತು. ಎಡಗಡೆಯದು ಸೊರಗಿ, ಮುರುಟಿ, ಬಿಳಿಚಿಕೊಂಡಿತ್ತು. ಡಾಕ್ಟರು ಬೇಕಾಗಿರಲಿಲ್ಲ, ನನ್ನಂಥವನಿಗೂ ಕಾಣುವಷ್ಟು ಸ್ಪಷ್ಟ. ಶಿವಲೀಲಾ, ಮಾವಶಿ ಇಬ್ಬರೂ ಹೋದ ಮೇಲೆ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಒಂದು ದಪ್ಪ ಬಿಲ್ಲೆಯ ಅಂಚಿನಲ್ಲಿ, ಎಡಕ್ಕೆ, ಒರೆಸಿದ ಹಾಗೆ ಒಂದು ಮಸುಕು. ಗೊತ್ತಿದ್ದವನಿಗೆ ಮಾತ್ರ ಕಾಣುವಂಥದ್ದು. ವರದಿ ಬರೆದವರನ್ನು ದೂರುವಂತಿರಲಿಲ್ಲ.

ಆಮೇಲೆ ಆ ದಿನದ ರಿಜಿಸ್ಟರು ಹುಡುಕಿದೆ. ಯಾಕೆ ಹುಡುಕಿದೆನೋ. ಅವಳ ಹೆಸರಿನ ಮುಂದೆ, ಷರಾ ಬರೆಯುವ ಜಾಗದಲ್ಲಿ, ನನ್ನದೇ ಅಕ್ಷರದಲ್ಲಿ ಒಂದು ಶಬ್ದ ಇತ್ತು: “ಎಡ?” ಬರೆದದ್ದು ನನಗೆ ನೆನಪೇ ಇರಲಿಲ್ಲ. ಓದುಗರು ಇಲ್ಲಿಯವರೆಗೆ ಅಂದುಕೊಂಡಿರಬಹುದು, ತಪ್ಪಿನ ಅರಿವಾದ ಮೇಲೆ ಇವನ ಮನಸ್ಸು ಹಿಂದಕ್ಕೆ ಹೋಗಿ ದನಿಯನ್ನು ಕಟ್ಟಿಕೊಂಡಿದೆ ಎಂದು. ನಾನೂ ಹಾಗೆಯೇ ಅಂದುಕೊಳ್ಳಲು ಬಯಸಿದ್ದೆ. ಆ ಒಂದು ಶಬ್ದ ಅದಕ್ಕೆ ಆಸ್ಪದ ಕೊಡಲಿಲ್ಲ. ತೆಳ್ಳಗೆ ತೆಗೆಯಬೇಕು ಎನ್ನುವುದು ನನ್ನ ಒಳಗೇ ಇದ್ದ ವಿದ್ಯೆ, ಅದು ದನಿಯಾಗಿ ಬಂತು ಎಂದರೂ ಒಪ್ಪೋಣ. ಎಡ ಎಂದು ನನಗೆ ಯಾರು ಹೇಳಿದರು? ಬಲಗೈ ಸೆಟೆದರೆ ಮೂಲ ಎಡ ಮಿದುಳಿನಲ್ಲಿ ಎಂದು ಊಹಿಸಬಹುದು, ಆದರೆ ಅವಳ ಕೈ ಸೆಟೆಯುವುದು, ಓಢಣಿ ಕಿವುಚುವುದು, ಅದೆಲ್ಲ ನನಗೆ ತಿಳಿದದ್ದು ಎರಡೂವರೆ ವರ್ಷದ ನಂತರ, ಮಾವಶಿಯ ಬಾಯಿಂದ.

ಮುಂದೆ ಅವಳನ್ನು ಬೇರೆ ಊರಿಗೆ ಕಳಿಸಿದರು. ಅಲ್ಲಿ ಪೆಟ್ ಸ್ಕ್ಯಾನ್ ಆಯಿತು. ಎಡಗಡೆ ಅದೇ ಜಾಗ ಮಂಕಾಗಿತ್ತು. ತಲೆಗೆ ತಂತಿ ಅಂಟಿಸಿ ನಾಲ್ಕು ದಿನ ವಿದ್ಯುತ್ ಗೆರೆ ನೋಡಿದರು, ಅದೂ ಅಲ್ಲಿಗೇ ಬೊಟ್ಟು ಮಾಡಿತು. ನಮ್ಮ ಎಂಆರ್‌ಐ ಸೇರಿ ಮೂರೂ ಒಂದೇ ಮಾತು ಹೇಳಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ಮೂರ್ಛೆ ನಿಂತಿತು.

ಎಂಟು ತಿಂಗಳ ಮೇಲೆ ಅವಳೊಬ್ಬಳೇ ನಮ್ಮಲ್ಲಿಗೆ ಬಂದಳು. ಮೊದಲನೆಯ ಸ್ಕ್ಯಾನಿನ ಪ್ರತಿ ಬೇಕಿತ್ತು. ಕೌಂಟರಿನವರು ನನ್ನ ಬಳಿ ಕಳಿಸಿದರು. ಕಿವಿಯ ಮೇಲೆ ಕೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಪರೀಕ್ಷೆ ಏನಾಯಿತು ಎಂದು ಕೇಳಿದೆ.

“ಬಿಟ್ಟೇನ್ರಿ. ಓದಿದ್ದು ನಿಲ್ಲೂದಿಲ್ಲ. ಶಬ್ದ ಸಿಗೂದಿಲ್ಲ. ಭಾಳ ವರ್ಷ ಫಿಟ್ಸ್ ಬಂದು ಬಂದು ಆ ಜಾಗ ಸವದೈತಿ, ಲಗೂ ಬರಬೇಕಾಗಿತ್ತು ಅಂದ್ರು ಅಲ್ಲಿ ಡಾಕ್ಟ್ರು.” ಸಿಡಿ ಸಿದ್ಧವಾಗುತ್ತಿದ್ದಾಗ ಕೇಳಿದಳು, “ಮೊದಲ ಸಲ ಬಂದಾಗನೂ ಅದು ಇತ್ತೇನ್ರಿ?”

ಡಾಕ್ಟರನ್ನು ಕೇಳಿ ಎಂದು ಹೇಳಬಹುದಿತ್ತು. ನಾನು ನಡುವಿನವನು. ಆದರೆ ಅವತ್ತು ಯಾಕೋ ಎಲ್ಲ ಹೇಳಿಬಿಟ್ಟೆ. ಸ್ಪೀಕರು, ದನಿ, ಎಡಗಡೆ ಎಂದದ್ದು, ಬಿಟ್ಟು ಏಳಬೇಡಿ ಎಂದದ್ದು, ನಾನು ಗೆರೆ ಎಳೆದು ಅಳಿಸಿದ್ದು, ರಿಜಿಸ್ಟರಿನ ಶಬ್ದ. ಹೇಳುತ್ತ ಹೇಳುತ್ತ ನನಗೊಂದು ಆಸೆ ಹುಟ್ಟಿತ್ತು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಅವಳು ಬೆರಗಾಗುತ್ತಾಳೆ, ಅದು ಯಾರ ದನಿ ಇರಬಹುದು ಎಂದು ನಾವಿಬ್ಬರೂ ಕೂತು ಯೋಚಿಸುತ್ತೇವೆ, ಆ ಸೋಜಿಗದಲ್ಲಿ ನನ್ನ ಪಾಲಿನದು ಸ್ವಲ್ಪ ಕರಗುತ್ತದೆ ಎಂದು.

ಅವಳು ಬೆರಗಾಗಲಿಲ್ಲ. ಯಾರ ದನಿ ಎಂದು ಕೇಳಲೂ ಇಲ್ಲ. ಸಿಡಿಯನ್ನು ಎಡಗೈಯಲ್ಲಿ ತೆಗೆದುಕೊಂಡು ನನ್ನನ್ನೇ ನೋಡಿದಳು. ಶಬ್ದಕ್ಕೆ ಹುಡುಕಾಡುತ್ತಿದ್ದಾಳೆಂದು ನಾನು ಕಾದೆ. ಈ ಸಲ ಅವಳಿಗೆ ಶಬ್ದ ಸಿಕ್ಕಿತ್ತು.

“ಕೇಳಿಸಿದ ಮ್ಯಾಲೂ ಬಿಟ್ರೇನ್ರಿ?” ಎಂದಳು.

ಅವಳು ಹೋಗಿ ಈಗ ಎರಡು ವರ್ಷವಾಯಿತು. ವರ್ಷಕ್ಕೊಮ್ಮೆ ಮಾಡಿಸಬೇಕಾದ ಸ್ಕ್ಯಾನನ್ನು ಬೇರೆ ಕಡೆ ಮಾಡಿಸುತ್ತಾಳಂತೆ. ದನಿ ಯಾರದೆಂದು ನಾನು ಇಬ್ಬರು ಡಾಕ್ಟರನ್ನೂ, ಒಬ್ಬ ಸ್ವಾಮಿಗಳನ್ನೂ ಕೇಳಿದ್ದೇನೆ. ಮೂವರೂ ಏನೋ ಒಂದು ಕಾರಣ ಕೊಟ್ಟರು, ಯಾವುದೂ ಹೊಂದುವುದಿಲ್ಲ. ಅವಳ ಪ್ರಶ್ನೆಯನ್ನು ಮಾತ್ರ ಇನ್ನೂ ಯಾರ ಮುಂದೆಯೂ ಇಟ್ಟಿಲ್ಲ.